ಎಡುಪು ಎಲ್ಲಿ? ಕಚೇರಿಯ ಮಾತುಗಳನ್ನು ಕೈಯಲ್ಲಿ ಎಣಿಸಿ ನೋಡೋಣ

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಯ ಸಂಗೀತ ಕಚೇರಿ. ತುಂಬ ವರ್ಷಗಳ ಹಿಂದಿನ ಮಾತು. ನನಗೆ ಸಂಗೀತ ಅಂದರೆ ಪ್ರಾಣ, ಆದರೆ ಅದರ ಮಾತುಗಳು ಒಂದೂ ಗೊತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಹಿರಿಯರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದರು. ಅವರ ಅಂಗೈ ಬಿದ್ದಾಗ ಗಾಯಕರು ಸುಮ್ಮನೆ ಇರುತ್ತಿದ್ದರು. ಒಂದು ಚಿಟಿಕೆಯಷ್ಟು ತಡೆದು ಪಲ್ಲವಿ ಎತ್ತಿಕೊಳ್ಳುತ್ತಿದ್ದರು. ಪ್ರತಿ ಸಲವೂ ಹಾಗೇ.

"ಸಾರ್, ಅವರು ಯಾಕೆ ತಡವಾಗಿ ಶುರು ಮಾಡ್ತಾರೆ?" ಎಂದು ಕೇಳಿದೆ.

"ತಡ ಅಲ್ಲ ಕಣಪ್ಪ, ಅದರ ಜಾಗವೇ ಅದು. ಎಡುಪು ಅಂತಾರೆ. ನೀನೂ ತಾಳ ಹಾಕು, ಗೊತ್ತಾಗುತ್ತೆ" ಎಂದರು.

ಅವತ್ತು ತಾಳ ಹಾಕಲು ಶುರು ಮಾಡಿದವನು ಇನ್ನೂ ನಿಲ್ಲಿಸಿಲ್ಲ. ಕರ್ನಾಟಕ ಸಂಗೀತದ ಮಾತುಗಳನ್ನು ನಿಘಂಟಿನಲ್ಲಿ ಹುಡುಕಿದರೆ ಕೈಗೆ ಸಿಗುವುದು ಇನ್ನೂ ನಾಲ್ಕು ಕಷ್ಟದ ಮಾತುಗಳು. ಕೈಯಲ್ಲಿ ತಾಳ ಇಟ್ಟುಕೊಂಡು ಕೇಳಿದರೆ ಅವೇ ಮಾತುಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ಯಾಕೆಂದರೆ ಅವುಗಳಲ್ಲಿ ಬಹುಪಾಲು ಮಾತುಗಳು ತಾಳದ ಒಳಗಿನ ಒಂದು ಜಾಗವನ್ನೋ ಒಂದು ಅಳತೆಯನ್ನೋ ತೋರಿಸುತ್ತವೆ. ಹಾಗಾಗಿ ಇದನ್ನು ಓದುವಾಗ ಒಂದು ಕೈ ಖಾಲಿ ಇಟ್ಟುಕೊಳ್ಳಿ.

ಮೊದಲು ಆದಿ ತಾಳ. ಅಂಗೈಯನ್ನು ತೊಡೆಗೆ ಒಂದು ಏಟು ಹಾಕಿ. ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಒಂದೊಂದಾಗಿ ಎಣಿಸಿ. ನಾಲ್ಕಾಯಿತು. ಇದು ಲಘು. ಈಗ ಒಂದು ಏಟು ಹಾಕಿ, ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಿ. ಹೀಗೆ ತಿರುಗಿಸುವುದಕ್ಕೆ ಪಾಠದ ಮನೆಗಳಲ್ಲಿ ಹುಸಿ ಎನ್ನುತ್ತಾರೆ. ಏಟು ಮತ್ತು ಹುಸಿ ಸೇರಿ ಎರಡು, ಇದು ದ್ರುತ. ಇನ್ನೊಂದು ದ್ರುತ ಹಾಕಿ. ನಾಲ್ಕು, ಎರಡು, ಎರಡು, ಒಟ್ಟು 8 ಎಣಿಕೆ. ತಾಳದ ಒಂದು ಎಣಿಕೆಗೆ ಅಕ್ಷರ ಎನ್ನುತ್ತಾರೆ. ಇಷ್ಟಕ್ಕೆ ಒಂದು ಆವರ್ತ. ಮೊದಲ ಏಟು ಬೀಳುವ ಜಾಗ ಸಮ.

ಹಾಡು ಸಮದಲ್ಲೇ ಶುರುವಾಗಬೇಕು ಎಂದೇನೂ ಇಲ್ಲ. ಎಡುಪು ತಮಿಳಿನಿಂದ ಬಂದ ಮಾತು, ನಾವು ಎತ್ತುಗಡೆ, ಎತ್ತಿಕೊಳ್ಳುವುದು ಎನ್ನುತ್ತೇವಲ್ಲ, ಅದೇ ಅರ್ಥ. ಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಗ್ರಹ ಎಂದು ಹೆಸರು. ತಾಳದ ಜೊತೆಗೇ ಹಾಡು ಶುರುವಾದರೆ ಸಮ ಗ್ರಹ. ತಾಳ ಶುರುವಾದ ಮೇಲೆ ಹಾಡು ಬಂದರೆ ಅನಾಗತ. ಹಾಡೇ ಮೊದಲು ಬಂದು, ಸಮ ಆಮೇಲೆ ಬಿದ್ದರೆ ಅತೀತ. ತ್ಯಾಗರಾಜರ 'ಬಂಟುರೀತಿ ಕೊಲು' ಕೇಳುವಾಗ ತಾಳ ಹಾಕಿ ನೋಡಿ. ಏಟು ಬೀಳುತ್ತದೆ, ಕಿರುಬೆರಳು ಮಡಚುತ್ತದೆ, ಅದರ ಅರ್ಧದಲ್ಲಿ 'ಬಂ' ಎಂದು ಹಾಡು ಏಳುತ್ತದೆ. ಅಂದರೆ ಸಮದಿಂದ ಒಂದೂವರೆ ಅಕ್ಷರ ಬಿಟ್ಟು. ತ್ಯಾಗರಾಜರ ಎಷ್ಟೋ ಕೃತಿಗಳಿಗೆ ಇದೇ ಎಡುಪು. ಇದಕ್ಕೆ ದೇಶಾದಿ ಎಂಬ ಹೆಸರೂ ಇದೆ. ಪುಸ್ತಕದಲ್ಲಿ 'ದೇಶಾದಿ' ಎಂದು ಬರೆದಿದ್ದರೆ ಅದು ಹಾಡುವವರಿಗೆ ಕೊಟ್ಟ ಸೂಚನೆ: ಏಟು ಬಿದ್ದ ತಕ್ಷಣ ಎತ್ತಬೇಡಿ, ಒಂದೂವರೆ ಅಕ್ಷರ ಕಾಯಿರಿ.

ಈಗ ಕಾಗದದ ಮೇಲೆ ಏನಿರುತ್ತದೆ ನೋಡೋಣ. ಸಂಗೀತ ಪಾಠಕ್ಕೆ ಹೋದ ಕನ್ನಡದ ಮಕ್ಕಳೆಲ್ಲ ಹಾಡಿರುವ ಗೀತೆ ಪುರಂದರದಾಸರ 'ಶ್ರೀ ಗಣನಾಥ'. ಮಲಹರಿ ರಾಗ, ರೂಪಕ ತಾಳ. ಅದರ ಮೊದಲ ಎರಡು ಆವರ್ತ ಪುಸ್ತಕದಲ್ಲಿ ಹೀಗಿರುತ್ತದೆ:

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||
ಶ್ರೀ – | ಗ ಣ ನಾ ಥ || ಸಿಂ ಧೂ | – ರ ವ ರ್ಣ ||

ಇಲ್ಲಿ ರೂಪಕ ಅಂದರೆ ಒಂದು ದ್ರುತ, ಒಂದು ಲಘು. ಎರಡು ಮತ್ತು ನಾಲ್ಕು, ಒಟ್ಟು 6 ಅಕ್ಷರ. ಒಂಟಿ ಗೆರೆ ಬಂದಲ್ಲಿ ತಾಳದ ಒಂದು ಅಂಗ ಮುಗಿಯಿತು, ಜೋಡಿ ಗೆರೆ ಬಂದಲ್ಲಿ ಆವರ್ತ ಮುಗಿಯಿತು. 'ಶ್ರೀ' ಎರಡು ಅಕ್ಷರ ಎಳೆಯುತ್ತದೆ, ಅದಕ್ಕೇ ಪಕ್ಕದಲ್ಲಿ ಅಡ್ಡಗೆರೆ. 'ದ' ಆದ ಮೇಲೆ ಬರುವ ಸ, ಸ, ರಿ ಮೇಲಿನ ಸ್ಥಾಯಿಯವು. ಅಚ್ಚಿನಲ್ಲಿ ಅವುಗಳ ತಲೆಯ ಮೇಲೆ ಒಂದು ಚುಕ್ಕಿ ಇರುತ್ತದೆ. ಕೆಳಗೆ ಚುಕ್ಕಿ ಇದ್ದರೆ ಮಂದ್ರ, ಅಂದರೆ ಕೆಳಗಿನ ಸ್ಥಾಯಿ. ಸ್ವರ ಹ್ರಸ್ವವಾಗಿದ್ದರೆ ಒಂದು ಅಕ್ಷರ, 'ಸಾ', 'ಪಾ' ಎಂದು ದೀರ್ಘವಾಗಿದ್ದರೆ ಎರಡು. ಅಲ್ಪವಿರಾಮ ಬಂದರೆ ಹಿಂದಿನ ಸ್ವರವನ್ನು ಇನ್ನೊಂದು ಅಕ್ಷರ ಎಳೆಯಿರಿ, ಅರ್ಧವಿರಾಮ ಬಂದರೆ ಎರಡು. ಸ್ವರಗಳ ಮೇಲೆ ಉದ್ದ ಗೆರೆ ಎಳೆದಿದ್ದರೆ ಅಷ್ಟು ಭಾಗ ಎರಡು ಪಟ್ಟು ವೇಗ. ಎರಡು ಗೆರೆ ಇದ್ದರೆ ನಾಲ್ಕು ಪಟ್ಟು.

ದಾಸರ ಪದಗಳ ಪುಸ್ತಕ ಮನೆಯಲ್ಲಿದ್ದರೆ ತೆಗೆದು ನೋಡಿ. ಸ್ವರ ಇರುವುದಿಲ್ಲ, ಬರೀ ಸಾಹಿತ್ಯ. ಆದರೂ ಸಾಲುಗಳ ಕೊನೆಯಲ್ಲಿ 'ಪ', 'ಅ.ಪ', ಆಮೇಲೆ 1, 2, 3 ಎಂದು ಇರುತ್ತದೆ. ಪಲ್ಲವಿ, ಅನುಪಲ್ಲವಿ, ಚರಣಗಳು. ಭಜನೆಯಲ್ಲಿ ಹಾಡುವ ನಮ್ಮ ಅಮ್ಮಂದಿರಿಗೆ ಇದನ್ನು ಯಾರೂ ವಿವರಿಸಿಲ್ಲ. ಒಂದು ಚರಣ ಆದ ಮೇಲೆ ಪಲ್ಲವಿಗೆ ತಿರುಗಿ ಬರಬೇಕು ಎಂದು ಅವರಿಗೆ ಗೊತ್ತು. ಆ ಎರಡು ಸಣ್ಣ ಅಕ್ಷರಗಳೇ ಒಂದು ಸೂಚನೆ.

ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಸಂಯೋಜಕ ಕಾಗದದ ಮೇಲೆ ತುಂಬ ಹೇಳುತ್ತಾನೆ. ಅಲ್ಲೆಗ್ರೋ ಎಂದರೆ ಚುರುಕಾಗಿ, ಅಡಾಜಿಯೋ ಎಂದರೆ ನಿಧಾನವಾಗಿ, ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ, ಕ್ರೆಷೆಂಡೋ ಎಂದರೆ ದನಿ ಏರಿಸುತ್ತಾ ಹೋಗಿ. ಹೆಚ್ಚಿನವು ಇಟಾಲಿಯನ್ ಮಾತುಗಳು. ನಮ್ಮ ಪುಸ್ತಕಗಳಲ್ಲಿ ಅಂಥ ಮಾತು ಕಡಿಮೆ. ಜೋರು, ಮೆಲ್ಲಗೆ ಎಂಬುದನ್ನು ಗುರುಗಳ ಬಾಯಿಂದಲೇ ಕೇಳಿ ಕಲಿಯಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವೂ ಕಾಗದದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಗಮಕ, ಅಂದರೆ ಸ್ವರವನ್ನು ತೂಗುವ, ಜಾರಿಸುವ ಬಗೆ.

ತೋಡಿ ರಾಗದ ಗಾಂಧಾರ, ಅಂದರೆ 'ಗ' ಸ್ವರ ನೋಡಿ. ಅದು ಸಾಧಾರಣ ಗಾಂಧಾರ ಎಂಬ ಬಗೆ. ಖರಹರಪ್ರಿಯ ರಾಗದ ಗಾಂಧಾರವೂ ಸಾಧಾರಣ ಗಾಂಧಾರವೇ. ಹಾರ್ಮೋನಿಯಂನಲ್ಲಿ ಎರಡಕ್ಕೂ ಒತ್ತುವುದು ಒಂದೇ ಮನೆ. ಪುಸ್ತಕದಲ್ಲಿ ಎರಡಕ್ಕೂ 'ಗ' ಎಂದೇ ಬರೆದಿರುತ್ತದೆ. ಆದರೆ ತೋಡಿಯಲ್ಲಿ ಆ 'ಗ' ಒಂದು ಕಡೆ ನಿಲ್ಲುವುದೇ ಇಲ್ಲ, ಉಯ್ಯಾಲೆಯ ಹಾಗೆ ಕೆಳಗಿನ ಸ್ವರಕ್ಕೆ ಇಳಿದು ಮೇಲಕ್ಕೆ ತೂಗುತ್ತದೆ. ಖರಹರಪ್ರಿಯದಲ್ಲಿ ಅದರ ನಡೆ ಬೇರೆ. ಕಾಗದದ ಮೇಲೆ ಒಂದೇ ಅಕ್ಷರ, ಕಿವಿಗೆ ಎರಡು ಲೋಕ. ಸ್ವರ ಹಾಕಿದ ಪುಸ್ತಕ ಕೊಂಡು ಒಬ್ಬರೇ ಕಲಿಯುತ್ತೇವೆ ಎಂದು ಹೊರಟವರು ಎಡವುವುದು ಬಹಳ ಸಲ ಇಲ್ಲೇ.

ಇದನ್ನೂ ಬರೆದಿಡಬೇಕು ಎಂದು ಹಟ ತೊಟ್ಟವರಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರು 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಂಬ ದೊಡ್ಡ ಗ್ರಂಥವನ್ನು ತೆಲುಗಿನಲ್ಲಿ ಹೊರತಂದರು. ಅದರಲ್ಲಿ ಸ್ವರಗಳ ಮೇಲೆ ಗಮಕದ ಗುರುತುಗಳನ್ನು ಹಾಕಿದರು. ಸ್ವರವನ್ನು ತೂಗಿಸುವ ಕಂಪಿತಕ್ಕೆ ಅಲೆಯಂಥ ಗೆರೆ, ಜಾರುವಿಗೆ ಓರೆಗೆರೆ, ಹೀಗೆ ಒಂದೊಂದಕ್ಕೆ ಒಂದೊಂದು. ಮನೆತನದ ಕೈಬರಹಗಳಲ್ಲಿ, ಶಿಷ್ಯರ ಗಂಟಲಿನಲ್ಲಿ ಮಾತ್ರ ಉಳಿದಿದ್ದ ಕೃತಿಗಳನ್ನು ಅವರು ಹೀಗೆ ಕೂತು ಬರೆದದ್ದನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

ಇನ್ನು ಎಲ್ಲರೂ ಗೊಂದಲ ಮಾಡಿಕೊಳ್ಳುವ ನಾಲ್ಕು ಮಾತು: ಜಾತಿ, ನಡೆ, ಕಾಲ, ಕಳೆ. ನಾನೂ ಬಹಳ ದಿನ ಒದ್ದಾಡಿದ್ದೇನೆ. ಆದಿ ತಾಳವನ್ನೇ ಮತ್ತೆ ಹಾಕಿ, ಒಂದೊಂದಾಗಿ ನೋಡೋಣ.

ಜಾತಿ ಎಂದರೆ ಲಘುವಿನ ಉದ್ದ. ಆದಿಯಲ್ಲಿ ಲಘುವಿಗೆ ನಾಲ್ಕು ಎಣಿಸಿದಿರಿ, ಅದು ಚತುರಶ್ರ ಜಾತಿ. ಮೂರು ಎಣಿಸಿದರೆ ತಿಶ್ರ, ಐದಕ್ಕೆ ಖಂಡ, ಏಳಕ್ಕೆ ಮಿಶ್ರ, ಒಂಬತ್ತಕ್ಕೆ ಸಂಕೀರ್ಣ. ಧ್ರುವ, ಮಟ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಿಗೆ ಈ ಐದು ಜಾತಿ ಹಚ್ಚಿದರೆ 35 ತಾಳ. ನಮ್ಮ ಆದಿ ತಾಳ ಅಂದರೆ ಚತುರಶ್ರ ಜಾತಿ ತ್ರಿಪುಟ. ಜಾತಿ ಬದಲಾದರೆ ಕೈ ಎಣಿಸುವ ಲೆಕ್ಕವೇ ಬದಲಾಗುತ್ತದೆ.

ನಡೆ ಹಾಗಲ್ಲ. ಕೈ ಅದೇ ಎಂಟನ್ನು ಎಣಿಸುತ್ತದೆ. ಒಂದೊಂದು ಅಕ್ಷರದ ಹೊಟ್ಟೆಯೊಳಗೆ ಎಷ್ಟು ಮಾತ್ರೆ, ಅಂದರೆ ಸಣ್ಣ ಸಮಪಾಲುಗಳು, ಇವೆ ಎಂಬುದು ನಡೆ. ಪ್ರತಿ ಎಣಿಕೆಗೆ 'ತಕಧಿಮಿ' ಎನ್ನಿ, ನಾಲ್ಕು ಮಾತ್ರೆ, ಚತುರಶ್ರ ನಡೆ, ಆವರ್ತಕ್ಕೆ 32. ಈಗ ಕೈಯ ವೇಗ ಬದಲಿಸದೆ ಪ್ರತಿ ಎಣಿಕೆಗೆ 'ತಕಿಟ' ಎನ್ನಿ. ಮೂರು ಮಾತ್ರೆ, ತಿಶ್ರ ನಡೆ, ಆವರ್ತಕ್ಕೆ 24. 'ತಕತಕಿಟ' ಎಂದರೆ ಖಂಡ ನಡೆ, 40. ತಕಧಿಮಿಯಿಂದ ತಕಿಟಕ್ಕೆ ದಾಟುವಾಗ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ಅಲ್ಲಿ ಕೈ ಅಲುಗಾಡದೆ ನಿಂತರೆ ನಡೆ ಅರ್ಥವಾದ ಹಾಗೆ. ನಿಮ್ಮ ಮಕ್ಕಳ ಜೊತೆ ಇದನ್ನು ಆಡಿ ನೋಡಿ, ಅವರಿಗೆ ನಮಗಿಂತ ಬೇಗ ಬರುತ್ತದೆ.

ಕಾಲ ಎಂದರೆ ವೇಗ. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ಮೊದಲ ಪಾಠದ ಸರಳೆ ವರಿಸೆ ಹಾಡಿಸುತ್ತಾರಲ್ಲ, ಅದೇ. ತಾಳ ಸ್ಥಿರ, ಸ್ವರಗಳು ಎರಡು ಪಟ್ಟು, ನಾಲ್ಕು ಪಟ್ಟು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳ ಪುಸ್ತಕದಲ್ಲಿ ಚರಣದ ಕೊನೆಗೆ 'ಮಧ್ಯಮಕಾಲ' ಎಂದು ಬರೆದಿರುತ್ತದೆ. ಅಲ್ಲಿ ತಾಳ ಹಾಕುವ ಕೈ ಒಂದಿಷ್ಟೂ ಓಡಬಾರದು, ಸಾಹಿತ್ಯ ಮಾತ್ರ ಎರಡು ಪಟ್ಟು ದಟ್ಟವಾಗುತ್ತದೆ. ಇಷ್ಟು ಹೊತ್ತು ಆನೆಯ ಹಾಗೆ ನಡೆಯುತ್ತಿದ್ದ ಕೃತಿ ಅಲ್ಲಿ ಗೆಜ್ಜೆ ಕಟ್ಟಿಕೊಂಡ ಹಾಗೆ ಅನಿಸುತ್ತದೆ.

ಕಳೆ ಎಂದರೆ ತಾಳದ ಪ್ರತಿ ಕ್ರಿಯೆಯನ್ನು ಎಷ್ಟು ಸಲ ಹಾಕುತ್ತೀರಿ ಎಂಬುದು. ನಿಧಾನದ ಕೃತಿಗೆ ಪ್ರತಿ ಏಟನ್ನೂ ಪ್ರತಿ ಬೆರಳನ್ನೂ ಎರಡೆರಡು ಸಲ ಹಾಕುತ್ತಾರೆ. ಅದು ಎರಡು ಕಳೆ ಆದಿ ತಾಳ. ಮುಂದಿನ ಸಾಲಿನಲ್ಲಿ ಕೂತವರು ಬೆರಳನ್ನು ಎರಡು ಸಲ ತಟ್ಟುತ್ತಿದ್ದರೆ, ಕಚೇರಿಯ ಭಾರವಾದ ಕೃತಿ ಶುರುವಾಗಿದೆ ಎಂದು ತಿಳಿಯಿರಿ.

ಈಗ ವೇದಿಕೆಗೆ ಹೋಗೋಣ. ಇಂದು ನಾವು ನೋಡುವ ಕಚೇರಿಯ ಕ್ರಮವನ್ನು ಬಳಕೆಗೆ ತಂದವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967) ಎಂದು ಹೇಳುತ್ತಾರೆ. ಮೊದಲು ವರ್ಣ ಎಂಬ ರಚನೆ. ಅದರಲ್ಲಿ ಎಲ್ಲವೂ ಮೊದಲೇ ಹೆಣೆದಿಟ್ಟದ್ದು, ಗಂಟಲಿಗೂ ಬೆರಳಿಗೂ ಸಾಮು ಮಾಡಿಸುತ್ತದೆ. ಆಮೇಲೆ ಚಿಕ್ಕ ಚಿಕ್ಕ ಕೃತಿಗಳು. ನಡುವೆ ಒಂದು ದೊಡ್ಡ ಕೃತಿ. ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನದಂಥ ಹಗುರ ರಚನೆಗಳು.

ಕೃತಿಯೊಳಗೆ ಕೇಳುವ ಮೊದಲ ಮಾತು ಸಂಗತಿ. ನಾವು ದಿನವೂ 'ಏನು ಸಂಗತಿ?' ಎನ್ನುತ್ತೇವೆ. ಸಂಗೀತದಲ್ಲಿ ಸಂಗತಿ ಎಂದರೆ ಒಂದೇ ಸಾಲನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುವುದು. ಮೊದಲ ಸಲ ಸರಳವಾಗಿ, ಎರಡನೇ ಸಲ ಕೊನೆಯಲ್ಲಿ ಒಂದು ತಿರುವು, ಮೂರನೇ ಸಲ ಮೇಲಿನ ಷಡ್ಜಕ್ಕೆ ಒಂದು ನೆಗೆತ. ಇವು ಮೊದಲೇ ಕಲಿತು ಬಂದದ್ದು. ಚಿಟ್ಟೆ ಸ್ವರವೂ ಹಾಗೆಯೇ, ಕೃತಿಯ ಜೊತೆ ಕಟ್ಟಿಟ್ಟ ಸ್ವರಗಳ ಗುಚ್ಛ. ಮೈಸೂರು ವಾಸುದೇವಾಚಾರ್ಯರ (1865–1961) ಖಮಾಚ್ ರಾಗದ 'ಬ್ರೋಚೇವಾರೆವರುರಾ' ಕೃತಿಯ ಚಿಟ್ಟೆ ಸ್ವರ ಶುರುವಾದರೆ ಸಭೆಯಲ್ಲಿ ಎಷ್ಟೋ ತುಟಿಗಳು ಜೊತೆಗೆ ಅಲ್ಲಾಡುವುದನ್ನು ನೋಡಿದ್ದೇನೆ.

ನೆರವಲ್ ಮತ್ತು ಕಲ್ಪನಾಸ್ವರ ಆ ಕ್ಷಣದಲ್ಲಿ ಹುಟ್ಟುವವು. ಮನೋಧರ್ಮ ಎನ್ನುವುದು ಇದಕ್ಕೆ. ನೆರವಲ್‌ನಲ್ಲಿ ಸಾಹಿತ್ಯದ ಒಂದೇ ಸಾಲು ತೆಗೆದುಕೊಂಡು, ಮಾತುಗಳು ತಾಳದಲ್ಲಿ ತಮ್ಮ ಜಾಗ ಬಿಡದ ಹಾಗೆ, ರಾಗವನ್ನು ಮಾತ್ರ ಬೇರೆ ಬೇರೆ ರೀತಿ ತುಂಬುತ್ತಾ ಹೋಗುತ್ತಾರೆ. ತ್ಯಾಗರಾಜರ ಕಲ್ಯಾಣಿ ರಾಗದ 'ನಿಧಿ ಚಾಲ ಸುಖಮಾ' ಕೃತಿಯಲ್ಲಿ 'ಮಮತ ಬಂಧನ ಯುತ' ಎಂಬ ಸಾಲು ನೆರವಲ್‌ಗೆ ಹೆಸರಾದ ಜಾಗ. ಮಮತೆಯ ಕಟ್ಟಿಗೆ ಸಿಕ್ಕ ಮನುಷ್ಯರ ಹೊಗಳಿಕೆ ಸುಖವೋ, ದೇವರ ಕೀರ್ತನೆ ಸುಖವೋ ಎಂಬ ಪ್ರಶ್ನೆ ಅಲ್ಲಿದೆ. ಆ ಪ್ರಶ್ನೆಯನ್ನು ಹತ್ತು ಸಲ, ಹತ್ತು ಬಗೆಯಲ್ಲಿ ಕೇಳುತ್ತಾರೆ. ಒಮ್ಮೆ ಮೆತ್ತಗೆ, ಒಮ್ಮೆ ಮೇಲಿನ ಸ್ಥಾಯಿಯಲ್ಲಿ ನಿಂತು. ಸಾಹಿತ್ಯ ಗೊತ್ತಿದ್ದು ನೆರವಲ್ ಕೇಳುವುದಕ್ಕೂ ಗೊತ್ತಿಲ್ಲದೆ ಕೇಳುವುದಕ್ಕೂ ಅಜಗಜಾಂತರ. ಹಾಡಿಗೆ ಹೋಗುವ ಮೊದಲು ಆ ಒಂದು ಸಾಲಿನ ಅರ್ಥ ತಿಳಿದುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕಲ್ಪನಾಸ್ವರದಲ್ಲಿ ಸರಿಗಮಗಳನ್ನೇ ಹೆಣೆಯುತ್ತಾರೆ. ಎಷ್ಟೇ ದೂರ ಹೋದರೂ ಕೊನೆಗೆ ಅದೇ ಸಾಲಿನ ಎಡುಪಿಗೆ ಬಂದು ಬೀಳಬೇಕು. ಇಲ್ಲಿಂದಾಚೆ ವೇದಿಕೆಯ ಮೇಲೆ ಸೂಚನೆಗಳೆಲ್ಲ ಕಣ್ಣು, ಕೈ, ತಲೆಯಲ್ಲೇ ನಡೆಯುತ್ತವೆ. ಗಾಯಕಿ ಒಂದು ಸುತ್ತು ಸ್ವರ ಹಾಡಿ ಪಿಟೀಲಿನವರ ಕಡೆ ಅಂಗೈ ಚಾಚಿದರೆ 'ಈಗ ನೀವು' ಎಂದು ಅರ್ಥ. ಮೃದಂಗದವರು ಎಡಗಡೆಯ ನಾದವನ್ನು ತಗ್ಗಿಸಿ ಬೆರಳಲ್ಲೇ ನುಡಿಸುತ್ತಿದ್ದರೆ, ಸಾಹಿತ್ಯ ಕೇಳಲಿ ಎಂದು ದಾರಿ ಬಿಟ್ಟಿದ್ದಾರೆ. ಒಳ್ಳೆಯ ಪಕ್ಕವಾದ್ಯ ಎಂದರೆ ಯಾವಾಗ ನುಡಿಸಬಾರದು ಎಂದು ಗೊತ್ತಿರುವುದು.

ಹುಬ್ಬಳ್ಳಿ, ಧಾರವಾಡ, ಗದಗದ ಕಡೆಯವರಿಗೆ ಈ ಮಾತುಗಳು ಸ್ವಲ್ಪ ಹೊರಗಿನವು ಅನಿಸಬಹುದು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ನಾಡಿನಲ್ಲಿ ಕೇಳಿ ಬೆಳೆದದ್ದು ಹಿಂದುಸ್ತಾನಿ. ಅಲ್ಲಿ ತಾಳವನ್ನು ಹಿಡಿದಿಡುವುದು ತಬಲಾದ ಠೇಕಾ, ಅಂದರೆ ಮತ್ತೆ ಮತ್ತೆ ಬರುವ ನಿಗದಿತ ನುಡಿ. ತೀನ್‌ತಾಳದ 16 ಮಾತ್ರೆಯಲ್ಲಿ ಒಂಬತ್ತನೆಯದು ಖಾಲಿ. ಅದರ ಆಸುಪಾಸು ಎಡಗೈಯ ಗುಮ್ಮೆನ್ನುವ ನಾದ ಮಾಯವಾಗಿ, 'ಧಿನ್' ಹೋಗಿ 'ತಿನ್' ಆಗುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಅರ್ಧ ಆವರ್ತನ ಆಯಿತು ಎಂದು ಗೊತ್ತಾಗುತ್ತದೆ. ಅಲ್ಲಿಯ ಮುಖಡಾ, ಸಮ್, ತಿಹಾಯಿ ಇವಕ್ಕೂ ನಮ್ಮ ಎಡುಪು, ಸಮ, ತೀರ್ಮಾನಕ್ಕೂ (ತೀರ್ಮಾನ ಏನೆಂದು ಮುಂದೆ ನೋಡೋಣ) ಹತ್ತಿರದ ನೆಂಟಸ್ತಿಕೆ ಇದೆ. ಮರಳಿ ಬರುವ ಜಾಗಕ್ಕಾಗಿ ಕಾಯುವ ಸುಖ ಎರಡೂ ಕಡೆ ಒಂದೇ.

ಕಡೆಯದಾಗಿ ತನಿ ಆವರ್ತನ. ದೊಡ್ಡ ಕೃತಿಯ ಸ್ವರ ಮುಗಿದ ಮೇಲೆ ಗಾಯಕರು ಸುಮ್ಮನಾಗುತ್ತಾರೆ, ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳಿಗೆ ವೇದಿಕೆ ಬಿಟ್ಟುಕೊಡುತ್ತಾರೆ. ಸಭೆಯಲ್ಲಿ ಕೆಲವರು ಇದೇ ಹೊತ್ತಿಗೆ ಕಾಫಿಗೆ ಎದ್ದು ಹೋಗುತ್ತಾರೆ. ದಯವಿಟ್ಟು ಹೋಗಬೇಡಿ. ಲೆಕ್ಕ ಕಿವಿಗೆ ಕೇಳಿಸುವ ಹೊತ್ತು ಇದು.

ಒಂದು ತೀರ್ಮಾನವನ್ನು ನಾವೇ ಮಾಡೋಣ. ತೀರ್ಮಾನ ಎಂದರೆ ಒಂದೇ ನುಡಿಯನ್ನು ಮೂರು ಸಲ ಹೇಳಿ ಸರಿಯಾದ ಜಾಗಕ್ಕೆ ಬಂದು ನಿಲ್ಲುವುದು. ನುಡಿ 'ತದಿಗಿಣತೊಂ'. ತ, ದಿ, ಗಿ, ಣ, ತೊಂ, ಐದು ಮಾತ್ರೆ. ಮೂರು ಸಲಕ್ಕೆ 15. ಆದಿ ತಾಳದ ಲಘು ಮುಗಿದ ಮೇಲೆ ಎರಡು ದ್ರುತ ಉಳಿಯುತ್ತವೆ, ಅಂದರೆ 4 ಅಕ್ಷರ. ಅಕ್ಷರಕ್ಕೆ ನಾಲ್ಕರಂತೆ 16 ಮಾತ್ರೆ. ನಮ್ಮ ಹತ್ತಿರ 15 ಇದೆ, ಒಂದು ಮಾತ್ರೆಯ ಜಾಗ ಉಳಿಯುತ್ತದೆ. ಹಾಗಾಗಿ ಲಘುವನ್ನು ಸುಮ್ನೆ ಎಣಿಸಿ. ದ್ರುತದ ಏಟು ಬಿದ್ದಾಗ ಒಂದು ಮಾತ್ರೆ ಉಸಿರು ಹಿಡಿದು, ತಕ್ಷಣ ಶುರು ಮಾಡಿ: ತದಿಗಿಣತೊಂ ತದಿಗಿಣತೊಂ ತದಿಗಿಣತೊಂ. ಕೊನೆಯ 'ತೊಂ' ಆಗುತ್ತಲೇ ಅಂಗೈ ಸಮಕ್ಕೆ ಬೀಳಬೇಕು. ನಾಲ್ಕು ನಾಲ್ಕಾಗಿ ನಡೆಯುವ ಕೈಯ ಮೇಲೆ ಐದು ಐದಾಗಿ ಓಡುವ ನುಡಿ. ನಡುವೆ ಎಲ್ಲೂ ಎರಡೂ ಹೊಂದುವುದಿಲ್ಲ, ಕೊನೆಯಲ್ಲಿ ಮಾತ್ರ ಕರಾರುವಾಕ್ಕಾಗಿ ಕೂಡುತ್ತವೆ. ಮೊದಲ ಹತ್ತು ಸಲ ತಪ್ಪುತ್ತದೆ. ಹನ್ನೊಂದನೇ ಸಲ ಬಂದಾಗ ಮೈ ಜುಮ್ಮೆನ್ನುತ್ತದೆ.

ತನಿಯಲ್ಲಿ ನಡೆಯುವುದು ಇದರದೇ ದೊಡ್ಡ ರೂಪ. ಮೃದಂಗದವರು ಎರಡು ಆವರ್ತ ನುಡಿಸಿದರೆ ಘಟದವರು ಎರಡು ಆವರ್ತ. ಆಮೇಲೆ ಒಂದೊಂದು, ಅರ್ಧರ್ಧ, ಕಾಲು ಕಾಲು, ಹೀಗೆ ಕಡಿಮೆಯಾಗುತ್ತಾ ಬರುತ್ತದೆ. ಇದಕ್ಕೆ ಕೊರೈಪ್ಪು ಎನ್ನುತ್ತಾರೆ, ತಮಿಳು ಮಾತಾದರೂ ನಮ್ಮ 'ಕೊರತೆ'ಯ ನೆಂಟ. ಕೊನೆಗೆ ಇಬ್ಬರೂ ಒಟ್ಟಿಗೆ ಸೇರುತ್ತಾರೆ, ಮೋಹರಾ ನುಡಿಸುತ್ತಾರೆ. ಅದು ಕೇಳಿಸಿತೆಂದರೆ ತನಿ ಮುಗಿಯುತ್ತಾ ಬಂತು ಎಂಬ ಸೂಚನೆ. ಇಷ್ಟು ಹೊತ್ತು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದ ಗಾಯಕಿ ಈಗ ನೆಟ್ಟಗೆ ಕೂರುತ್ತಾರೆ, ಪಿಟೀಲಿನವರು ಕಮಾನು ಎತ್ತಿಕೊಳ್ಳುತ್ತಾರೆ. ಆಮೇಲೆ ನುಡಿಗಳನ್ನು ಪೋಣಿಸಿ ಕಟ್ಟಿದ ಕೋರ್ವೆ, ಮೂರು ಸಲ. ಮೂರನೆಯ ಸಲದ ಕೊನೆಯ ಪೆಟ್ಟು ಕೃತಿಯ ಎಡುಪಿಗೆ ಸರಿಯಾಗಿ ತಂದು ಬಿಡುತ್ತದೆ. ಹತ್ತು ಹದಿನೈದು ನಿಮಿಷದ ಹಿಂದೆ ಬಿಟ್ಟ ಸಾಲನ್ನು ಗಾಯಕಿ ಅದೇ ಜಾಗದಿಂದ, ಅರ್ಧ ಮಾತ್ರೆ ಆಚೀಚೆ ಆಗದ ಹಾಗೆ ಎತ್ತಿಕೊಳ್ಳುತ್ತಾರೆ. ನಿಮ್ಮ ಕೈಯೂ ಅಲ್ಲಿಗೇ ಬಂದಿದ್ದರೆ, ಪಕ್ಕದವರು ಒಮ್ಮೆ ತಿರುಗಿ ನೋಡಿ ತಲೆದೂಗುತ್ತಾರೆ.